ಪಂಜಾಬಿನ ಚಕ್, ಸಿರುಗುಪ್ಪದ ಕ್ಯಾಂಪ್: ಕಾಲುವೆ ಹುಟ್ಟಿಸಿದ ಊರುಗಳ ಕಥೆ

ಭತ್ತದ ಕೊಯ್ಲಿನ ಹೊತ್ತಿಗೆ ಸಿರುಗುಪ್ಪ, ಕುರುಗೋಡು ಕಡೆಯ ಗದ್ದೆಗಳಲ್ಲಿ ಓಡಾಡುವ ಕಟಾವು ಮಷೀನುಗಳನ್ನು ಹತ್ತಿರ ಹೋಗಿ ನೋಡಿ. ಅನೇಕ ಮಷೀನುಗಳ ಮೇಲೆ ಪಂಜಾಬಿನ ನಾಭಾ, ಭಾದಸೋಂ ಎಂಬ ಊರುಗಳ ಹೆಸರಿರುತ್ತದೆ. ಅವು ತಯಾರಾಗುವುದು ಅಲ್ಲಿ. ಎಲ್ಲಿಯ ಪಂಜಾಬ್, ಎಲ್ಲಿಯ ಹಗರಿ ದಂಡೆ ಅನ್ನಿಸಬಹುದು. ಆದರೆ ಆ ನಾಡಿಗೂ ನಮ್ಮ ತುಂಗಭದ್ರಾ ಸೀಮೆಗೂ ಮಷೀನಿಗಿಂತ ಹಳೆಯದೊಂದು ಹೋಲಿಕೆ ಇದೆ. ಎರಡೂ ಕಡೆ ಕಾಲುವೆ ಬಂದ ಮೇಲೆ ಹೊಸ ಊರುಗಳು ಹುಟ್ಟಿದವು. ಅಲ್ಲಿ ಅಂಥ ಊರಿಗೆ ‘ಚಕ್’ ಅಂದರು. ನಮ್ಮಲ್ಲಿ ‘ಕ್ಯಾಂಪ್’ ಅಂದರು.

ಬಳ್ಳಾರಿಯಿಂದ ಸಿರುಗುಪ್ಪದ ಬಸ್ಸು ಹತ್ತಿದರೆ ದಾರಿಯುದ್ದಕ್ಕೂ ಕ್ಯಾಂಪುಗಳ ಹೆಸರು ಕಿವಿಗೆ ಬೀಳುತ್ತವೆ. ಕೆಲವಕ್ಕೆ ದೇವರ ಹೆಸರು, ಕೆಲವಕ್ಕೆ ಮೊದಲು ಬಂದು ಗುಡಿಸಲು ಹಾಕಿದವರ ಹೆಸರು. ಕ್ಯಾಂಪ್ ಅಂದರೆ ಡೇರೆ ಹಾಕಿದ ಜಾಗ, ನಾಲ್ಕು ದಿನ ಇದ್ದು ಎದ್ದು ಹೋಗುವ ಜಾಗ. ಇವು ಎದ್ದು ಹೋಗಲಿಲ್ಲ. ಎಪ್ಪತ್ತು ವರ್ಷದ ಹತ್ತಿರ ಬಂದರೂ ಹೆಸರು ಮಾತ್ರ ‘ಕ್ಯಾಂಪ್’ ಆಗಿಯೇ ಉಳಿದಿದೆ. ಈ ಊರುಗಳ ಚರಿತ್ರೆ ಯಾವ ಶಾಸನದಲ್ಲೂ ಇಲ್ಲ, ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ಅದಕ್ಕೇ ಈ ಸಲ ನಾವು ಅದನ್ನೇ ಬರೆಯಲು ಕುಳಿತಿದ್ದೇವೆ.

ಭಗತ್ ಸಿಂಗ್ ಹುಟ್ಟಿದ ಊರಿಗೆ ನಂಬರ್ ಇತ್ತು

ಮೊದಲು ಪಂಜಾಬಿಗೆ ಹೋಗಿ ಬರೋಣ. ಚಿನಾಬ್ ಮತ್ತು ರಾವಿ ನದಿಗಳ ನಡುವೆ ದೊಡ್ಡ ಒಣ ಬಯಲಿತ್ತು. ಅಲ್ಲಿಯವರು ಅದನ್ನು ‘ಬಾರ್’ ಅನ್ನುತ್ತಿದ್ದರು. ದನ, ಒಂಟೆ ಮೇಯಿಸುವ ಜನ ಮಳೆ ನೋಡಿಕೊಂಡು ಅಲ್ಲಿ ತಿರುಗುತ್ತಿದ್ದರು. ಬ್ರಿಟಿಷ್ ಸರ್ಕಾರ ಚಿನಾಬ್ ನದಿಯಿಂದ ಕಾಲುವೆ ತೆಗೆದು, 1892ರಿಂದ ಅಲ್ಲಿಗೆ ಒಕ್ಕಲುಗಳನ್ನು ತಂದು ಕೂರಿಸಿತು. ನಡುವೆ ಎದ್ದ ಪೇಟೆಗೆ ಲಾಟ್ ಸಾಹೇಬ ಜೇಮ್ಸ್ ಲಯಾಲ್ ಹೆಸರಿನಿಂದ ಲಯಾಲ್‌ಪುರ ಎಂದು ಹೆಸರಿಟ್ಟರು. ಇಂದು ಅದು ಪಾಕಿಸ್ತಾನದ ಫೈಸಲಾಬಾದ್.

ಭೂಮಿಯನ್ನು ಚದುರಂಗದ ಮಣೆಯಂತೆ ಚೌಕ ಚೌಕವಾಗಿ ಅಳೆದರು. ಊರನ್ನೂ ಹಾಗೆಯೇ ಗೆರೆ ಎಳೆದು ಕಟ್ಟಿದರು: ನೇರ ಬೀದಿ, ನಡುವೆ ಚೌಕ, ಅಲ್ಲೊಂದು ಬಾವಿ. ಹೆಸರಿಡುವಷ್ಟು ಪುರುಸೊತ್ತು ಸರ್ಕಾರಕ್ಕೆ ಇರಲಿಲ್ಲ, ನಂಬರ್ ಕೊಟ್ಟಿತು. ನಂಬರಿನ ಮುಂದೆ ಯಾವ ಕಾಲುವೆಯ ನೀರು ಎಂಬುದಕ್ಕೆ ಎರಡಕ್ಷರ. ಭಗತ್ ಸಿಂಗ್ 1907ರಲ್ಲಿ ಹುಟ್ಟಿದ್ದು ಅಂಥದೊಂದು ಊರಿನಲ್ಲಿ: ಚಕ್ ನಂಬರ್ 105, ಜಿ.ಬಿ. ಅಂದರೆ ಗುಗೇರಾ ಬ್ರಾಂಚ್ ಕಾಲುವೆಯ 105ನೇ ಊರು. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಭಗತ್ ಸಿಂಗ್ ಕ್ಯಾಂಪಿನ ಹುಡುಗ.

ಅವರ ಮನೆತನದ ಮೂಲ ಊರು ಜಲಂಧರ್ ಕಡೆಯ ಖಟ್ಕರ್ ಕಲಾಂ. ಅದರ ಪಕ್ಕದಲ್ಲೇ ಬಂಗಾ ಎಂಬ ಪೇಟೆ ಇದೆ. ಸರ್ಕಾರ 105 ಎಂದು ಬರೆದ ಹೊಸ ಊರನ್ನು ಜನ ಕರೆದದ್ದು ಸಹ ಬಂಗಾ ಎಂದೇ. ನಂಬರು ಕಾಗದದಲ್ಲಿ ಉಳಿಯಿತು, ಹಳೆಯ ಊರಿನ ಹೆಸರು ಬಾಯಲ್ಲಿ ಉಳಿಯಿತು.

ಆ ಊರುಗಳಲ್ಲಿ ಬದುಕು ಕಟ್ಟಿದ್ದು ನಾಲ್ಕು ಕಡೆಯಿಂದ ಬಂದ ಜನ. ಸಂಜೆ ಮರದ ಕೆಳಗೆ ಗಂಡಸರು ಸೇರುವ ಜಾಗಕ್ಕೆ ಪಂಜಾಬಿಯಲ್ಲಿ ‘ಸತ್ಥ್’ ಅನ್ನುತ್ತಾರೆ, ನಮ್ಮ ಅರಳಿಕಟ್ಟೆಯಂತೆ. ಹೆಂಗಸರು ಹಿಟ್ಟು ಹಿಡಿದುಕೊಂಡು ಬಂದು ಎಲ್ಲರೂ ರೊಟ್ಟಿ ಸುಟ್ಟುಕೊಳ್ಳುವ ತಂದೂರಿಗೆ ‘ಸಾಂಝಾ’, ಅಂದರೆ ಎಲ್ಲರಿಗೂ ಸೇರಿದ್ದು ಅನ್ನುತ್ತಾರೆ. ಮನೆ ಬೇರೆ, ಒಲೆ ಒಂದು. ಗೊತ್ತಿಲ್ಲದವರು ಒಂದೂರಿನವರಾಗುವುದು ಇಂಥ ಜಾಗಗಳಲ್ಲಿ.

1907ರಲ್ಲಿ ಸರ್ಕಾರ ಈ ಒಕ್ಕಲುಗಳ ವಾರಸಿನ ಹಕ್ಕಿಗೆ ಕತ್ತರಿ ಹಾಕಿ ಷರತ್ತು ಬಿಗಿ ಮಾಡುವ ಕಾಯ್ದೆ ತಂದಿತು. ರೈತರು ಎದ್ದು ನಿಂತರು. ‘ಪಗಡಿ ಸಂಭಾಲ್ ಜಟ್ಟಾ’ ಎಂಬ ಹೆಸರಿನಿಂದ ಪ್ರಸಿದ್ಧವಾದ ಆ ಚಳವಳಿಯ ಮುಂದಾಳುಗಳಲ್ಲಿ ಒಬ್ಬರು ಭಗತ್ ಸಿಂಗ್ ಅವರ ಚಿಕ್ಕಪ್ಪ ಅಜಿತ್ ಸಿಂಗ್. ಅವರನ್ನೂ ಲಾಲಾ ಲಜಪತರಾಯರನ್ನೂ ಸರ್ಕಾರ ಬರ್ಮಾದ ಮಂಡಾಲೆಗೆ ಗಡೀಪಾರು ಮಾಡಿತು. ಆದರೆ ಕಾಯ್ದೆಗೆ ವೈಸ್‌ರಾಯ್ ಒಪ್ಪಿಗೆ ಕೊಡಲಿಲ್ಲ, ಅದು ಬಿದ್ದುಹೋಯಿತು. ಹದಿನೈದು ವರ್ಷ ವಯಸ್ಸಿನ ಊರುಗಳು ‘ಈ ನೆಲ ನಮ್ಮದು’ ಎಂದು ಗೆದ್ದವು. 1947ರಲ್ಲಿ ದೇಶ ಒಡೆದಾಗ ಅದೇ ಊರುಗಳ ಸಿಖ್ಖರು, ಹಿಂದೂಗಳು ತಾವೇ ಕಟ್ಟಿದ ಮನೆಗೆ ಬೆನ್ನು ಹಾಕಿ ಈ ಕಡೆ ಬರಬೇಕಾಯಿತು. ನೆಲ ನಮ್ಮದು ಅನ್ನುವ ಮಾತು ಎಷ್ಟು ಗಟ್ಟಿ, ಎಷ್ಟು ಪೊಳ್ಳು ಎರಡನ್ನೂ ಅವರು ಒಂದೇ ಜೀವಮಾನದಲ್ಲಿ ಕಂಡರು.

ಬರದ ಸೀಮೆಗೆ ಬಂದ ನೀರು

ಈಗ ನಮ್ಮ ಕಡೆಗೆ ಬರೋಣ. ನಮ್ಮದು ಪಂಜಾಬಿನ ಬಾರ್‌ನಂತೆ ಖಾಲಿ ಬಯಲಲ್ಲ. ತೆಕ್ಕಲಕೋಟೆಯ ಗುಡ್ಡಗಳಲ್ಲಿ ನವಶಿಲಾಯುಗದ ಜನ ಮನೆ ಮಾಡಿದ್ದರು ಎಂಬುದು 1960ರ ದಶಕದ ಉತ್ಖನನದಲ್ಲಿ ಗೊತ್ತಾಗಿದೆ. ಕುರುಗೋಡು ಸಿಂದ ಅರಸರ ರಾಜಧಾನಿ. ವಿಜಯನಗರದ ಕಾಲದಲ್ಲೇ ತುಂಗಭದ್ರೆಗೆ ಅಡ್ಡಕಟ್ಟು ಹಾಕಿ ಸಿರುಗುಪ್ಪ, ದೇಶನೂರು ಕಾಲುವೆಗಳನ್ನು ತೆಗೆದಿದ್ದರು. ಅವು ಇಂದಿಗೂ ಹರಿಯುತ್ತಿವೆ. ಆದರೆ ಆ ನೀರು ಹೊಳೆಯ ಮಗ್ಗುಲಿನ ಗದ್ದೆಗಳಿಗಷ್ಟೇ. ಅದರಾಚೆ ಕಣ್ಣು ಹಾಯುವವರೆಗೂ ಎರೆ ಹೊಲ: ಜೋಳ, ಹತ್ತಿ, ನವಣೆ, ಕಡಲೆ, ಕುಸುಬೆ. ಮಳೆ ಬಂದರೆ ಬದುಕು, ಇಲ್ಲದಿದ್ದರೆ ಗುಳೆ.

1876ರಿಂದ 78ರ ದೊಡ್ಡ ಬರ ಬಳ್ಳಾರಿ ಜಿಲ್ಲೆಯನ್ನು ಹಿಂಡಿಹಾಕಿತು. 1871ಕ್ಕಿಂತ 1881ರ ಜನಗಣತಿಯಲ್ಲಿ ಜಿಲ್ಲೆಯ ಜನರ ಲೆಕ್ಕ ಕಡಿಮೆ ಬಂತು. ಹತ್ತು ವರ್ಷದಲ್ಲಿ ಹೆಚ್ಚಾಗಬೇಕಾದ ಲೆಕ್ಕ ಇಳಿದಿದೆ ಅಂದರೆ ಏನಾಗಿರಬಹುದು ಯೋಚಿಸಿ. ತುಂಗಭದ್ರೆಗೆ ಅಣೆಕಟ್ಟು ಕಟ್ಟಬೇಕೆಂದು ಸರ್ ಆರ್ಥರ್ ಕಾಟನ್ 1860ರಲ್ಲೇ ಹೇಳಿದ್ದರು. ನದಿಯ ಈ ದಂಡೆ ಮದ್ರಾಸ್ ಸರ್ಕಾರದ್ದು, ಆ ದಂಡೆ ಹೈದರಾಬಾದ್ ನಿಜಾಮರದ್ದು. ಇಬ್ಬರೂ ಒಪ್ಪಿ ಅಡಿಗಲ್ಲು ಹಾಕಿದ್ದು 1945ರ ಫೆಬ್ರವರಿ 28ಕ್ಕೆ. ಕಾಲುವೆಗೆ ನೀರು ಬಿಟ್ಟದ್ದು 1953ರಲ್ಲಿ.

ನೀರು ಪುಕ್ಕಟೆ ಬರಲಿಲ್ಲ. ಸುಮಾರು 90 ಹಳ್ಳಿಗಳು ಹಿನ್ನೀರಿನಲ್ಲಿ ಮುಳುಗಿದವು. ನಾರಾಯಣದೇವರಕೆರೆಯ ಜನ ಮರಿಯಮ್ಮನಹಳ್ಳಿಗೆ ಬಂದು ಹೊಸದಾಗಿ ಬದುಕು ಕಟ್ಟಿಕೊಂಡರು. ನಮ್ಮ ಗದ್ದೆಗೆ ಬರುವ ಪ್ರತಿ ಹನಿಯ ಹಿಂದೆ ಊರು ಬಿಟ್ಟವರ ಮನೆಗಳಿವೆ. ಇದನ್ನು ಕಾಲುವೆ ಕೆಳಗಿನ ನಾವು ಮರೆಯಬಾರದು.

ಗಡಿ ಜಗಳದ ವರ್ಷವೇ ನೀರು, ಆಮೇಲೆ ಜನ

1953 ಇನ್ನೊಂದು ಕಾರಣಕ್ಕೂ ನಮಗೆ ದೊಡ್ಡ ವರ್ಷ. ಆ ಅಕ್ಟೋಬರ್ 1ಕ್ಕೆ ಆಂಧ್ರ ರಾಜ್ಯ ಹುಟ್ಟಿತು. ಅದಕ್ಕೆ ಮುಂಚೆ ಬಳ್ಳಾರಿ ಯಾರಿಗೆ ಸೇರಬೇಕು ಎಂದು ದೊಡ್ಡ ಹೋರಾಟ ನಡೆದಿತ್ತು. ನ್ಯಾಯಮೂರ್ತಿ ಮಿಶ್ರಾ ವಿಚಾರಣೆ ನಡೆಸಿದರು. ಬಳ್ಳಾರಿ, ಸಿರುಗುಪ್ಪ, ಹೊಸಪೇಟೆ ಮೊದಲಾದವು ಮೈಸೂರಿಗೆ ಬಂದವು. ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಈ ಏಕೀಕರಣದ ಹೋರಾಟದಲ್ಲಿ ಬಳ್ಳಾರಿಯ ಪೈಲ್ವಾನ್ ರಂಜಾನ್ ಸಾಬ್ ಪ್ರಾಣ ಕೊಟ್ಟರು.

ಆ ಗಾಯ ಮಾಯುವ ಮೊದಲೇ, ಅದೇ ತೆಲುಗು ಮಾತಾಡುವ ರೈತರು ಕರಾವಳಿ ಆಂಧ್ರದಿಂದ ಇಲ್ಲಿಗೆ ಬರತೊಡಗಿದರು. ಕೃಷ್ಣಾ, ಗುಂಟೂರು, ಗೋದಾವರಿ ಜಿಲ್ಲೆಗಳವರು. ಅಲ್ಲಿ ಕಾಟನ್ ಸಾಹೇಬರ ಕಾಲದಲ್ಲಿ, 1850ರ ದಶಕದಲ್ಲೇ, ಗೋದಾವರಿ ಮತ್ತು ಕೃಷ್ಣೆಗೆ ಅಡ್ಡಕಟ್ಟುಗಳು ಬಿದ್ದಿದ್ದವು. ಕಾಲುವೆ ನೀರಿನಲ್ಲಿ ಭತ್ತ ಬೆಳೆದು ಆ ಜನಕ್ಕೆ ನೂರು ವರ್ಷದ ಅನುಭವ. ಅಲ್ಲಿ ಭೂಮಿಯ ಬೆಲೆ ಏರಿತ್ತು, ಮಕ್ಕಳು ಹೆಚ್ಚಾಗಿ ಹಿಸ್ಸೆ ಸಣ್ಣದಾಗಿತ್ತು. ಅಲ್ಲಿ ಒಂದು ಎಕರೆ ಮಾರಿದ ದುಡ್ಡಿಗೆ ಇಲ್ಲಿ ಹಲವು ಎಕರೆ ಸಿಗುತ್ತಿತ್ತು.

ನಮ್ಮ ರೈತನ ಕಡೆಯಿಂದಲೂ ನೋಡಿ. ಅವನಿಗೆ ಎರೆ ಹೊಲದ ಹದ ಗೊತ್ತು, ಜೋಳ ಗೊತ್ತು, ಕೂರಿಗೆ ಗೊತ್ತು. ಹೊಲಕ್ಕೆ ನೀರು ನಿಲ್ಲಿಸಿ ಮಡಿ ಕಟ್ಟುವುದು ಅವನ ಕಸುಬಲ್ಲ. ಗದ್ದೆ ಮಟ್ಟ ಮಾಡಿಸಲು ದುಡ್ಡು ಬೇಕು, ಗೊಬ್ಬರಕ್ಕೆ ಬೇಕು, ನಾಟಿ ಕೂಲಿಗೆ ಬೇಕು. ಬರ ಕಂಡವನ ಕೈಯಲ್ಲಿ ಅಷ್ಟು ದುಡ್ಡು ಎಲ್ಲಿಂದ ಬರಬೇಕು? ಹಾಗಾಗಿ ಅನೇಕರು ಅಗ್ಗಕ್ಕೆ ಮಾರಿದರು, ಅನೇಕರು ಗುತ್ತಿಗೆಗೆ ಕೊಟ್ಟರು. ನೀರು ಯಾರಿಗಾಗಿ ಬಂತೋ ಅವರಲ್ಲಿ ಹಲವರ ಹೊಲ ನೀರು ಬಂದ ಮೇಲೆಯೇ ಕೈ ಬಿಟ್ಟಿತು. ಈ ನೋವು ನಮ್ಮ ಹಳ್ಳಿಗಳಲ್ಲಿ ಇನ್ನೂ ಇದೆ, ಇಲ್ಲ ಅನ್ನುವುದು ಸುಳ್ಳಾಗುತ್ತದೆ.

ಬಂದವರು ಸುಖವಾಗಿ ಬಂದರು ಅನ್ನುವುದೂ ಸುಳ್ಳು. ಕೊಂಡ ಹೊಲ ಊರಿನಿಂದ ದೂರ. ಹೊಲದಲ್ಲೇ ಗುಡಿಸಲು, ಕಾಲುವೆಯದೇ ಕುಡಿಯುವ ನೀರು, ಹಾವು, ಚೇಳು, ಮಳೆ ಬಂದರೆ ಚಕ್ಕಡಿಯ ಗಾಲಿ ಹೂತುಹೋಗುವ ಎರೆ ಮಣ್ಣು. ಗುಡಿಸಲುಗಳ ಗುಂಪಿಗೆ ‘ಕ್ಯಾಂಪ್’ ಎಂಬ ಹೆಸರು ಬಂದದ್ದು ಆಗ. ಪಂಜಾಬಿನ ಚಕ್‌ಗಳನ್ನು ಸರ್ಕಾರ ನಕ್ಷೆ ಹಾಕಿ ಕಟ್ಟಿತ್ತು. ನಮ್ಮ ಕ್ಯಾಂಪುಗಳನ್ನು ಯಾರೂ ನಕ್ಷೆ ಹಾಕಲಿಲ್ಲ, ನೀರು ಎಲ್ಲಿ ಹತ್ತಿರವೋ ಅಲ್ಲಿ ಎದ್ದವು.

ಸರ್ಕಾರವೇ ಕಟ್ಟಿ ನಂಬರ್ ಕೊಟ್ಟ ಕ್ಯಾಂಪುಗಳು ನಮ್ಮ ಹೊಳೆಯಾಚೆ ಸಿಂಧನೂರಿನಲ್ಲಿವೆ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರ ಆ ಊರುಗಳಿಗೆ ಇಂದಿಗೂ ಆರ್.ಎಚ್. ಕ್ಯಾಂಪ್ ನಂಬರ್ ಒಂದು, ಎರಡು, ಮೂರು ಎಂದೇ ಹೆಸರು. ಪಂಜಾಬಿನ ಚಕ್‌ನಂತೆಯೇ ನಂಬರೇ ಊರಿನ ಹೆಸರು.

ಸೊಪ್ಪು ಒಂದೇ, ಹೆಸರು ಎರಡು

ಭಾಷೆಯ ಹೆಸರಿನಲ್ಲಿ ಹೊಡೆದಾಡಿದ್ದ ಸೀಮೆಯಲ್ಲಿ ಬೇರೆ ಭಾಷೆಯ ಜನ ಬಂದು ನೆಲೆ ನಿಂತರು. ದೊಡ್ಡ ಗಲಭೆ ಏಕೆ ಆಗಲಿಲ್ಲ? ಇದನ್ನು ನಾವು ನಮ್ಮನ್ನೇ ಕೇಳಿಕೊಂಡೆವು. ಒಂದು ಕಾರಣ ನಮ್ಮ ಗಡಿನಾಡಿನ ಹಳೆಯ ರೂಢಿ. ಬಳ್ಳಾರಿ ಪೇಟೆಯಲ್ಲಿ ಒಂದೇ ಅಂಗಡಿಯಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಕೇಳುತ್ತವೆ. ಲೆಕ್ಕ ಒಂದು ಭಾಷೆಯಲ್ಲಿ, ಚೌಕಾಶಿ ಇನ್ನೊಂದರಲ್ಲಿ. ಕ್ಯಾಂಪಿನವರ ತೆಲುಗು ನಮಗೆ ಹೊಸದಾಗಿರಲಿಲ್ಲ, ಅವರು ಎಳೆಯುವ ರಾಗ ಮಾತ್ರ ಹೊಸದು.

ಇನ್ನೊಂದು ಕಾರಣ ಊಟ. ಅವರು ಗೋಂಗೂರ ಅನ್ನುವ ಸೊಪ್ಪು ನಮ್ಮ ಪುಂಡಿಯೇ. ನಾವು ಜೋಳದ ರೊಟ್ಟಿಗೆ ಪುಂಡಿಪಲ್ಯ ಮಾಡಿದರೆ ಅವರು ಅನ್ನಕ್ಕೆ ಪಚ್ಚಡಿ ಮಾಡಿದರು. ಯುಗಾದಿಯ ಬೇವು ಇಬ್ಬರಿಗೂ ಕಹಿ. ಸಂಕ್ರಾಂತಿಗೆ ಅವರ ಅಂಗಳದಲ್ಲಿ ದೊಡ್ಡ ದೊಡ್ಡ ರಂಗವಲ್ಲಿ, ಎಳ್ಳಮಾವಾಸ್ಯೆಗೆ ನಮ್ಮ ಹೊಲದಲ್ಲಿ ಚರಗ. ನಮ್ಮ ಊರಿನ ಮೊಹರಂ ನೋಡಲು ಕ್ಯಾಂಪಿನ ಹುಡುಗರು ಬಂದರು, ಅವರ ರಾಮನವಮಿಯ ಪಾನಕಕ್ಕೆ ನಮ್ಮ ಹುಡುಗರು ಹೋದರು. ಶಾಲೆ ಕನ್ನಡದ್ದು. ಎರಡನೇ ತಲೆಮಾರಿನ ಮಕ್ಕಳು ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ ಕಲಿತರು. ಮೂರನೇ ತಲೆಮಾರಿಗೆ ಗುಂಟೂರು ಅಂದರೆ ಮದುವೆಗೆ ಹೋಗಿ ಬರುವ ಊರು, ಅಷ್ಟೇ.

ನಮ್ಮ ತಟ್ಟೆಯೂ ಬದಲಾಯಿತು. ಹಿಂದೆ ಅನ್ನ ಅಂದರೆ ಹಬ್ಬದ ಊಟ. ಇಂದು ರೊಟ್ಟಿಯೇ ಅಪರೂಪವಾಗುತ್ತಿದೆ. ನಮ್ಮ ಗದ್ದೆಗಳಲ್ಲಿ ಹೆಸರು ಮಾಡಿದ ಬಿಪಿಟಿ 5204 ಎಂಬ ಭತ್ತ 1986ರಲ್ಲಿ ಹೊರಬಂದದ್ದು ಕರಾವಳಿ ಆಂಧ್ರದ ಬಾಪಟ್ಲ ಸಂಶೋಧನಾ ಕೇಂದ್ರದಿಂದ. ಆ ತಳಿಯ ತವರೂ ಕ್ಯಾಂಪಿನವರ ತವರೂ ಒಂದೇ ಕಡೆ.

ನೀರಿನ ಲೆಕ್ಕ ತಪ್ಪಿದ್ದು

ಇಲ್ಲಿ ಒಂದು ಕಹಿ ಮಾತು ಹೇಳಲೇಬೇಕು. ತುಂಗಭದ್ರಾ ಯೋಜನೆಯನ್ನು ಊರೆಲ್ಲ ಭತ್ತ ಬೆಳೆಯಲೆಂದು ಮಾಡಿರಲಿಲ್ಲ. ಬರದಿಂದ ಕಾಪಾಡುವುದು ಅದರ ಉದ್ದೇಶ. ಸ್ವಲ್ಪ ನೀರನ್ನು ತುಂಬಾ ಹೊಲಗಳಿಗೆ ಹಂಚಿ ಜೋಳ, ಹತ್ತಿ, ಶೇಂಗಾ ಉಳಿಸಿಕೊಳ್ಳುವ ಲೆಕ್ಕ ಅದು. ಬಹುಪಾಲು ಭೂಮಿಯನ್ನು ಮಿತ ನೀರಾವರಿಗೆಂದೇ ಗುರುತಿಸಿದ್ದರು. ಎರೆ ಮಣ್ಣಿಗೆ ಎಷ್ಟು ನೀರು ಕೊಡಬೇಕು ಎಂದು ನೋಡಲು ಅಣೆಕಟ್ಟೆಗೆ ಮುಂಚೆಯೇ, ಮದ್ರಾಸ್ ಸರ್ಕಾರದ ಕಾಲದಲ್ಲಿ, ಸಿರುಗುಪ್ಪದಲ್ಲಿ ಕೃಷಿ ಸಂಶೋಧನಾ ಕೇಂದ್ರ ತೆರೆದಿದ್ದರು.

ಆದರೆ ಭತ್ತಕ್ಕೆ ಬೆಲೆ ಇತ್ತು, ಬೆಳೆಯುವ ಕೈ ಇತ್ತು, ರೈಸ್‌ಮಿಲ್ಲುಗಳು ಎದ್ದವು. ಮೊದಲು ಕ್ಯಾಂಪಿನವರು ಬೆಳೆದರು, ಅವರನ್ನು ನೋಡಿ ಊರಿನವರೂ ಬೆಳೆದರು. ಕಾಲುವೆಯ ಮೇಲ್ಭಾಗದವರು ಗದ್ದೆ ತುಂಬಿಸಿಕೊಂಡರೆ ಕೊನೆ ಭಾಗದ ತೂಬಿಗೆ ನೀರು ಮುಟ್ಟುವುದಿಲ್ಲ. ಪಂಜಾಬಿನಲ್ಲಿ ಇದಕ್ಕೆಂದೇ ವಾರಾಬಂದಿ ಪದ್ಧತಿ ಇದೆ: ಯಾರಿಗೆ ಯಾವ ದಿನ, ಎಷ್ಟು ಹೊತ್ತು ನೀರು ಎಂಬುದು ನಿಗದಿ. ರಾತ್ರಿ ಎರಡು ಗಂಟೆಗೆ ಸರದಿ ಬಂದರೂ ಎದ್ದು ಹೋಗಬೇಕು. ನಮ್ಮಲ್ಲಿ ಆನ್ ಅಂಡ್ ಆಫ್ ಪದ್ಧತಿ ಎಂದು ನೀರಾವರಿ ಇಲಾಖೆ ಪ್ರಕಟಣೆ ಕೊಡುತ್ತದೆ. ಆದರೂ ಕೊನೆ ಭಾಗದವರ ಗೋಳು ಪ್ರತಿ ಹಂಗಾಮಿನಲ್ಲೂ ಕೇಳುತ್ತಲೇ ಇರುತ್ತದೆ.

ಹೆಚ್ಚು ನೀರು ಕುಡಿದ ಎರೆ ಭೂಮಿ ಸೇಡು ತೀರಿಸಿಕೊಳ್ಳುತ್ತದೆ. ಬಸಿದು ಹೋಗಲು ದಾರಿ ಇಲ್ಲದ ಕಡೆ ಉಪ್ಪು ಮೇಲೆ ಬಂದು ಸೌಳಾಗುತ್ತದೆ. ಚಿನಾಬ್ ಕಾಲುವೆಯ ಚಕ್‌ಗಳಲ್ಲೂ ಹಾಗೇ ಆಯಿತು, ಹಲವು ಕಡೆ ನೆಲ ಜವುಗಾಯಿತು. ನಮ್ಮ ಕಡೆ ಉಳಿದ ಪಂಜಾಬಿನ ಕಥೆ ಉಲ್ಟಾ: ರೊಟ್ಟಿ ತಿನ್ನುವ ಜನ ಮಾರಲೆಂದು ಭತ್ತ ಬೆಳೆದು, ಬೋರು ಕೊರೆದು ಕೊರೆದು ಅಂತರ್ಜಲ ಪಾತಾಳಕ್ಕೆ ಹೋಯಿತು. ಕೊನೆಗೆ 2009ರಲ್ಲಿ ‘ಇಂಥ ತಾರೀಕಿಗಿಂತ ಮುಂಚೆ ನಾಟಿ ಮಾಡಬಾರದು’ ಎಂದು ಅಲ್ಲಿ ಕಾನೂನೇ ಮಾಡಬೇಕಾಯಿತು. ಜೋಳದ ನಾಡಾದ ನಾವು ಇದನ್ನು ನೋಡಿ ಕಲಿಯಬೇಕು.

ಲೆಕ್ಕಕ್ಕೆ ಬಾರದವರು

ಕಾಲುವೆ ಊರಿನ ಕಥೆ ಹೇಳುವಾಗ ಭೂಮಿ ಇದ್ದವರ ಮಾತೇ ಹೆಚ್ಚು ಬರುತ್ತದೆ. ಪಂಜಾಬಿನ ಚಕ್‌ಗಳಿಗೆ ರೈತರ ಜೊತೆ ಕುಂಬಾರರು, ನೇಕಾರರು, ಕೂಲಿಗಳು ಬಂದರು. ಜಮೀನಿನ ಚೌಕ ಅವರ ಪಾಲಿಗೆ ಬರಲಿಲ್ಲ. ಮೊದಲು ಅಲ್ಲೇ ದನ ಮೇಯಿಸುತ್ತಿದ್ದವರನ್ನು ‘ಜಾಂಗ್ಲಿ’ ಎಂದು ಕರೆದು ಪಕ್ಕಕ್ಕೆ ಸರಿಸಿದರು.

ನಮ್ಮಲ್ಲೂ ಗದ್ದೆಗೆ ಹಸಿರು ತಂದದ್ದು ನಾಟಿ ಹಚ್ಚಿದ ಹೆಂಗಸರ ಬೆನ್ನು. ಕೆಸರಿನಲ್ಲಿ ದಿನವಿಡೀ ಬಗ್ಗಿ ನಿಂತವರಲ್ಲಿ ಹೆಚ್ಚಿನವರು ಸುತ್ತಲಿನ ಹಳ್ಳಿಗಳ ದಲಿತರು, ನಾಯಕರು, ಇತರ ಬಡ ಕುಟುಂಬದವರು. ಕೆಲವರು ಕ್ಯಾಂಪಿನ ಪಕ್ಕದಲ್ಲೇ ಗುಡಿಸಲು ಹಾಕಿಕೊಂಡು ಉಳಿದರು. ಕಟಾವು ಮಷೀನು ಬಂದ ಮೇಲೆ ಕೊಯ್ಲಿನ ಕೂಲಿಯೂ ಕಡಿಮೆಯಾಯಿತು. ಕ್ಯಾಂಪಿನ ಚರಿತ್ರೆಯನ್ನು ಎಂದಾದರೂ ಪೂರ್ತಿ ಬರೆದರೆ ಇವರ ಹೆಸರೂ ಅದರಲ್ಲಿ ಇರಬೇಕು.

ಕ್ಯಾಂಪ್ ಊರಾಗುವುದು ಯಾವಾಗ?

ಚಕ್ 105ಕ್ಕೆ ನಂಬರಾದರೂ ಸರ್ಕಾರದ ದಾಖಲೆಯಲ್ಲಿ ಇತ್ತು. ನಮ್ಮ ಅನೇಕ ಕ್ಯಾಂಪುಗಳು ಕಂದಾಯ ದಾಖಲೆಯಲ್ಲಿ ಬಹುಕಾಲ ಊರೇ ಆಗಿರಲಿಲ್ಲ. ಮತ ಇದೆ, ಶಾಲೆ ಇದೆ, ಗುಡಿ ಇದೆ. ಮನೆ ನಿಂತ ಜಾಗ ಮಾತ್ರ ಕಾಗದದಲ್ಲಿ ಹೊಲ. ಮನೆಗೆ ಹಕ್ಕುಪತ್ರ ಇಲ್ಲ ಅಂದರೆ ಸಾಲ ಸಿಗುವುದು ಕಷ್ಟ, ಮಕ್ಕಳಿಗೆ ಹಿಸ್ಸೆ ಮಾಡುವುದು ಕಷ್ಟ.

ತಾಂಡಾ, ಹಟ್ಟಿ, ಹಾಡಿ, ದೊಡ್ಡಿ, ಪಾಳ್ಯ, ಕ್ಯಾಂಪ್ ಮೊದಲಾದ ದಾಖಲೆ ಇಲ್ಲದ ಜನವಸತಿಗಳನ್ನು ಕಂದಾಯ ಗ್ರಾಮ ಮಾಡಲು ರಾಜ್ಯದ ಭೂ ಕಂದಾಯ ಕಾಯ್ದೆಗೆ 94ಡಿ ಎಂಬ ಕಲಂ ಸೇರಿಸಿದ ಮೇಲೆ ದಾರಿ ತೆರೆಯಿತು. 2025ರ ಮೇ 20ರಂದು ಹೊಸಪೇಟೆಯ ಸಮಾವೇಶದಲ್ಲಿ ರಾಜ್ಯದ ಒಂದು ಲಕ್ಷಕ್ಕೂ ಹೆಚ್ಚು ಕುಟುಂಬಗಳಿಗೆ ಇಂಥ ಹಕ್ಕುಪತ್ರ ಹಂಚಲಾಯಿತು. ನಿಮ್ಮ ಕ್ಯಾಂಪ್ ಕಂದಾಯ ಗ್ರಾಮ ಆಗಿದೆಯೋ ಇಲ್ಲವೋ ಗೊತ್ತಿಲ್ಲದಿದ್ದರೆ ಗ್ರಾಮ ಆಡಳಿತಾಧಿಕಾರಿಯನ್ನು ಕೇಳಿ. ಕೇಳುವುದು ನಿಮ್ಮ ಹಕ್ಕು.

ಕಾಗದದ ಹಕ್ಕು ಒಂದು, ನೆನಪಿನ ಹಕ್ಕು ಇನ್ನೊಂದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋಯಿತು. ನಾಟಿ ಆದ ಗದ್ದೆಗಳಿಗೆ ನೀರು ಉಳಿಯುತ್ತದೋ ಇಲ್ಲವೋ ಎಂಬ ದಿಗಿಲು ಊರಿನವರಿಗೆ ಎಷ್ಟಿತ್ತೋ ಕ್ಯಾಂಪಿನವರಿಗೂ ಅಷ್ಟೇ ಇತ್ತು. ಹರಿಯುವ ನೀರಿಗೆ ಅಡ್ಡವಾಗಿ ತಡೆಹಲಗೆ ಇಳಿಸುವ ಕೆಲಸಕ್ಕೆ ಮುಂದೆ ನಿಂತವರು ಗೇಟು ತಜ್ಞ ಕನ್ಹಯ್ಯ ನಾಯ್ಡು. ಅವರು ಯಾವ ಭಾಷೆಯವರು ಎಂದು ಆ ವಾರ ನಮ್ಮಲ್ಲಿ ಯಾರು ಕೇಳಿದರು? ನೀರು ನಿಂತಿತು, ಎಲ್ಲರೂ ಉಸಿರು ಬಿಟ್ಟೆವು.

ಮೊದಲ ಗುಡಿಸಲು ಹಾಕಿದ ತಲೆಮಾರಿನ ಅಜ್ಜ ಅಜ್ಜಿಯರು ಈಗ ಬೆರಳೆಣಿಕೆಯಷ್ಟು ಉಳಿದಿದ್ದಾರೆ. ಅವರು ಹೋದರೆ ಈ ಊರುಗಳ ಮೊದಲ ಅಧ್ಯಾಯವೇ ಹೋದಂತೆ. ಹೊಲ ಮಾರಿದ ಮನೆಯ ಅಜ್ಜಿಯರೂ ಹಾಗೆಯೇ. ಅವರ ಕಥೆಯೂ ಇದರ ಇನ್ನೊಂದು ಮಗ್ಗುಲು. ಈ ಭಾನುವಾರ ಫೋನಿನ ರೆಕಾರ್ಡರ್ ಒತ್ತಿ ಅವರ ಪಕ್ಕ ಕೂತುಕೊಳ್ಳಿ. ಐದೇ ಪ್ರಶ್ನೆ ಸಾಕು: ಮೊದಲು ಬಂದವರು ಯಾರು, ಎಲ್ಲಿಂದ? ಯಾವ ವರ್ಷ? ಹೊಲ ಯಾರಿಂದ ಕೊಂಡರು ಅಥವಾ ಯಾರಿಗೆ ಕೊಟ್ಟರು? ಮೊದಲ ನಾಟಿ ಹಚ್ಚಿದವರು ಯಾರು? ಊರಿಗೆ ಈ ಹೆಸರು ಹೇಗೆ ಬಂತು?

ಭಗತ್ ಸಿಂಗ್ ಹುಟ್ಟದಿದ್ದರೆ ಚಕ್ 105ರ ಹೆಸರು ನಮಗೆ ಗೊತ್ತಾಗುತ್ತಿರಲಿಲ್ಲ. ನಮ್ಮ ಕ್ಯಾಂಪುಗಳ ಕಥೆ ಉಳಿಯಲು ಅಷ್ಟು ದೊಡ್ಡವರು ಹುಟ್ಟಬೇಕೆಂದೇನೂ ಇಲ್ಲ. ಬರೆದಿಡುವವರು ಊರಿಗೊಬ್ಬರು ಇದ್ದರೆ ಸಾಕು.